ಹೆಡ್‌ಫೋನಿನಲ್ಲಿ ಹಾಡುವವರ ದನಿ ಎಲ್ಲಿ ಹೋಯಿತು?



ಹೆಡ್‌ಫೋನಿನ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಅದರ ದಪ್ಪ 3.5 ಮಿಲಿಮೀಟರ್. ಮೈಮೇಲೆ ಕಪ್ಪು ಬಳೆಗಳಿವೆ. ಎರಡು ಬಳೆ ಇದ್ದರೆ ಲೋಹದ ಭಾಗ ಮೂರು: ತುದಿ ಎಡಕಿವಿಗೆ, ನಡುವಿನದು ಬಲಕಿವಿಗೆ, ಬುಡ ಎರಡಕ್ಕೂ ಸೇರಿದ್ದು. ಈ ಬುಡದ ತಂತಿಯ ಮೂಲಕವೇ ಎರಡೂ ಕಡೆಯ ವಿದ್ಯುತ್ ವಾಪಸ್ ಹೋಗಬೇಕು. ಮೂರು ಬಳೆ ಇದ್ದರೆ ಮೈಕಿಗೂ ಒಂದು ಭಾಗ ಇದೆ ಅಂತ ಅರ್ಥ.

ನಮ್ಮ ಅಕ್ಕ ಪಿಯುಸಿ ಪಾಠಗಳನ್ನು ಫೋನಿನಲ್ಲಿ ಕೇಳುತ್ತಾಳೆ. ಪರೀಕ್ಷೆ ಹತ್ತಿರ ಬಂದಾಗಲೇ ಅವಳ ಹೆಡ್‌ಫೋನಿಗೆ ವಿಚಿತ್ರ ಕಾಯಿಲೆ ಬಂತು. ಹಾಡು ಹಾಕಿದರೆ ಪಿಟೀಲು, ಕೊಳಲು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ, ಹಾಡುವವರ ದನಿ ಮಾತ್ರ ಇಲ್ಲ! ಪಾಠ ಹಾಕಿದರೆ ಏನೂ ಕೇಳಲ್ಲ ಅನ್ನುವಷ್ಟು ಸಣ್ಣ. ಪೇಟೆಯ ಒಂದು ಅಂಗಡಿಯಲ್ಲಿ "ಫೋನಿಗೆ ಶಕ್ತಿ ಸಾಲದು, ಆಂಪ್ಲಿಫೈಯರ್ ತಗೊಳ್ಳಿ, 1200 ರೂಪಾಯಿ" ಅಂದರು. ಅದು ನಮ್ಮನೆ ಡೈರಿ ಹಾಲಿನ ಒಂದು ಬಟವಾಡೆ.

ನಮ್ಮೂರಲ್ಲಿ ರೇಡಿಯೋ ರಿಪೇರಿ ಮಾಡುವ ಮಾವ ಕೇಳಿದ ಕೂಡಲೇ "ಬುಡದ ತಂತಿ ಬಿಟ್ಟಿದೆ" ಅಂದರು. ಹೇಗೆ ಅಂದರೆ, ವಾಪಸ್ ದಾರಿ ಕಡಿದಾಗ ಎಡಗಡೆಯ ವಿದ್ಯುತ್ ಬಲಗಡೆಯ ಮೂಲಕವೇ ಹೋಗಬೇಕಾಗುತ್ತೆ. ಒಂದೇ ಬಾಗಿಲನ್ನು ಇಬ್ಬರು ಆಚೆ ಈಚೆ ನಿಂತು ಸಮವಾಗಿ ತಳ್ಳಿದರೆ ಅದು ಅಲ್ಲಾಡುತ್ತದೆಯೇ? ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇಟ್ಟಿರುತ್ತಾರೆ, ಆದ್ದರಿಂದ ಅಳಿಸಿಹೋಗುತ್ತದೆ. ಒಂದು ಕಡೆಗೆ ಹೆಚ್ಚಿರುವ ವಾದ್ಯ ಉಳಿಯುತ್ತದೆ. ಪಾಠದಲ್ಲಿ ಎರಡೂ ಕಡೆ ಒಂದೇ ದನಿ, ಅದಕ್ಕೇ ಮೇಷ್ಟ್ರು ಮಾಯ. ಇದಕ್ಕೆ ಆಂಪ್ಲಿಫೈಯರ್ ಹಾಕಿದರೆ ಬಾವಿಯೊಳಗಿನ ಪಿಟೀಲೇ ಜೋರಾಗುತ್ತಿತ್ತು, ಅಷ್ಟೆ. ಮಾವ ಪಿನ್ ಹತ್ತಿರ ಕತ್ತರಿಸಿ, ತಂತಿಯ ಮೇಲಿನ ಅರಗಿನಂಥ ಲೇಪ ಸುಟ್ಟು, ಹೊಸ ಪಿನ್ ಬೆಸುಗೆ ಹಾಕಿದರು. ಲೇಪ ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ.

ಪಿನ್ ಪೂರ್ತಿ ಒಳಗೆ ಹೋಗದಿದ್ದರೂ ಇದೇ ಥರ ಆಗಬಹುದು. ಫೋನಿನ ತೂತಿನಲ್ಲಿ ಜೇಬಿನ ಧೂಳು ಉಂಡೆಯಾಗಿ ಕೂತಿರುತ್ತೆ. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೀರಿ, ಸೂಜಿ ಬೇಡ. ಮೊದಲು ಅದೇ ಹೆಡ್‌ಫೋನನ್ನು ಬೇರೆ ಫೋನಿಗೆ ಚುಚ್ಚಿ ನೋಡಿ. ಅಲ್ಲೂ ಹಾಗೇ ಇದ್ದರೆ ದೋಷ ಹೆಡ್‌ಫೋನಿನದೇ. ಪಿನ್ ಬಳಿ ತಂತಿ ಬಗ್ಗಿಸಿದಾಗ ಕರಕರ ಅಂದರೆ ತಂತಿ ಒಳಗೆ ತುಂಡಾಗಿದೆ.

ಹಾಗಾದರೆ ಆಂಪ್ಲಿಫೈಯರ್ ಸುಳ್ಳೇ? ಅಲ್ಲ. ಲೆಕ್ಕ ಮಾಡೋಣ. ಫೋನು 1 ವೋಲ್ಟ್ ಕೊಡುತ್ತೆ ಅಂತ ಇಟ್ಟುಕೊಳ್ಳಿ. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ಓಮ್‌ನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. 32 ಓಮ್ ಹೆಡ್‌ಫೋನಿಗೆ 31 ಮಿಲಿವ್ಯಾಟ್. ಸ್ಟುಡಿಯೋದವರು ಬಳಸುವ ಕೆಲವು ಹೆಡ್‌ಫೋನುಗಳು 300 ಓಮ್ ಇರುತ್ತವೆ. ಅದಕ್ಕೆ ಸಿಗೋದು ಬರೀ 3.3. ಅಂಥದ್ದು ಸರಿಯಿದ್ದೂ, ಪೂರ್ತಿ ವಾಲ್ಯೂಮಿನಲ್ಲೂ ದನಿ ಸಣ್ಣಗಿದ್ದರೆ ಆಂಪ್ಲಿಫೈಯರ್ ಬೇಕು. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ 16ರಿಂದ 32 ಓಮಿನವು, ಅವಕ್ಕೆ ಫೋನೇ ಸಾಕು.

ಕಿವಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳಿರುವುದು 75 ಡೆಸಿಬೆಲ್, ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ ಆಗಬೇಕು: 78ಕ್ಕೆ 20 ಗಂಟೆ, 81ಕ್ಕೆ 10. ಆಂಪ್ಲಿಫೈಯರ್ ಇರುವವರು ವಾಲ್ಯೂಮ್ ಪೂರ್ತಿ ಇಳಿಸಿಕೊಂಡೇ ಪಿನ್ ಚುಚ್ಚಬೇಕು.