ಹಸಿರುಗಟ್ಟಿದ ಈಜುಕೊಳ ತಿಳಿಯಾಗಲು ಎಂಟು ಹಂತ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಬಾದಾಮಿಯ ಹೋಟೆಲುಗಳಲ್ಲಿ, ಬಾಗಲಕೋಟೆ, ಹುನಗುಂದ, ಇಳಕಲ್ಲ ಸುತ್ತಿನ ತೋಟದ ಮನೆಗಳಲ್ಲಿ ಚಳಿಗಾಲವಿಡೀ ಮುಚ್ಚಿಟ್ಟ ಈಜುಕೊಳಗಳ ನೆನಪಾಗುತ್ತದೆ. ಹೊದಿಕೆ ಸರಿಸಿ ನೋಡಿದರೆ ನೀರು ಹಸಿರು, ತಳದಲ್ಲಿ ಕೆಸರು, ಮೇಲೆ ಬೇವಿನ ಎಲೆ. ಆಗ ಹೆಚ್ಚಿನವರಿಗೆ ಹೊಳೆಯುವ ಉಪಾಯ ಒಂದೇ: ಎಲ್ಲ ನೀರು ಚೆಲ್ಲಿ ಹೊಸದಾಗಿ ತುಂಬಿಸುವುದು.

ಹಾಗೆ ಮಾಡಬೇಡಿ. ಬೋರ್‌ವೆಲ್ ಬತ್ತುವ ಕಾಲದಲ್ಲಿ ಅರ್ಧ ಲಕ್ಷ ಲೀಟರ್ ನೀರು ಚೆಲ್ಲುವುದು ತಪ್ಪು ಎಂಬುದು ಒಂದು ಮಾತು. ಖಾಲಿ ಕೊಳಕ್ಕೆ ನೇರ ಬಿಸಿಲು ಬಿದ್ದರೆ ಟೈಲ್ಸ್ ಎದ್ದು ಬರುತ್ತವೆ, ಹುನಗುಂದದಂಥ ಎರೆಭೂಮಿಯಲ್ಲಿ ಒಣಗಿದ ಮಣ್ಣು ಕುಗ್ಗಿ ಗೋಡೆ ಸೀಳುವ ಭಯವೂ ಇದೆ ಎಂಬುದು ಇನ್ನೊಂದು. ಅಲ್ಲದೆ ಹೊಸ ನೀರಿಗೂ ಕ್ಲೋರಿನ್ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಅದೂ ಹಸಿರಾಗುತ್ತದೆ. ಇದ್ದ ನೀರನ್ನೇ ತಿದ್ದುವುದು ಅಗ್ಗ. ಅದಕ್ಕೆ ನಾಲ್ಕೈದು ದಿನ ಬೇಕು. ಆದರೆ ಹಂತಗಳನ್ನು ಹಿಂದೆ ಮುಂದೆ ಮಾಡಿದರೆ ತಂದ ಔಷಧವೆಲ್ಲ ದಂಡ.

ಬೇಕಾಗುವ ಸಾಮಾನು

- ಉದ್ದ ಕೋಲಿನ ಬಲೆ, ಗೋಡೆ ಉಜ್ಜುವ ಬ್ರಷ್, ತಳ ಗುಡಿಸುವ ವ್ಯಾಕ್ಯೂಮ್ ಪೈಪು
- ಪಿಎಚ್ ಮತ್ತು ಕ್ಲೋರಿನ್ ಅಳೆಯುವ ಹನಿ ಕಿಟ್
- ಕ್ಲೋರಿನ್: ಲಿಕ್ವಿಡ್ ಹೈಪೋ, ಹರಳು ಅಥವಾ ಬ್ಲೀಚಿಂಗ್ ಪೌಡರ್
- ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆ್ಯಸಿಡ್, ಏರಿಸಲು ಸೋಡಾ ಆ್ಯಶ್
- ಪಟಿಕ, ಅಂದರೆ ತುರಟಿ
- ಎರಡು ಪ್ಲಾಸ್ಟಿಕ್ ಬಕೆಟ್, ರಬ್ಬರ್ ಕೈಗವಸು, ಕನ್ನಡಕ, ಮಾಸ್ಕ್

ಹಂತ 1: ನೀರೆಷ್ಟಿದೆ, ಲೆಕ್ಕ ಹಾಕಿ

ಉದ್ದ, ಅಗಲ ಮತ್ತು ಸರಾಸರಿ ಆಳವನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 1000ದಿಂದ ಗುಣಿಸಿ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 60,000 ಲೀಟರ್ ನೀರು ಹಿಡಿಯುತ್ತದೆ. ಕೆಳಗಿನ ಲೆಕ್ಕಗಳೆಲ್ಲ ಈ ಅಳತೆಯ ಕೊಳಕ್ಕೆ. ನಿಮ್ಮದು ಇದರ ಅರ್ಧವಿದ್ದರೆ ಔಷಧವೂ ಅರ್ಧ. ಅಂದಾಜಿನ ಮೇಲೆ ಚೀಲ ಸುರಿಯುವುದು ಬೇಡ.

ಹಂತ 2: ಕಸ ತೆಗೆಯಿರಿ

ಹೊದಿಕೆಯ ಮೇಲಿನ ಕೊಳೆನೀರನ್ನು ಕೊಳಕ್ಕೆ ಬೀಳಿಸದೆ ಹೊರಗೆ ಚೆಲ್ಲಿ. ಎಲೆ, ಕಡ್ಡಿ, ಸತ್ತ ಕಪ್ಪೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಲೆಯಿಂದ ಎತ್ತಿ. ಒಂದು ಎಲೆ ಉಳಿದರೂ ಮುಂದೆ ಹಾಕುವ ಕ್ಲೋರಿನ್ ಪಾಚಿಯನ್ನು ಬಿಟ್ಟು ಅದರ ಮೇಲೆಯೇ ಖರ್ಚಾಗುತ್ತದೆ. ತಳ ಕಾಣದ ನೀರಿಗೆ ಇಳಿದು ಕಸ ಹುಡುಕಲು ಹೋಗಬೇಡಿ. ದಂಡೆಯ ಮೇಲೆ ನಿಂತು ಬಲೆಯನ್ನು ನೆಲಕ್ಕೆ ತಾಗಿಸಿ ನಿಧಾನವಾಗಿ ಎಳೆಯಿರಿ.

ಹಂತ 3: ಮೋಟಾರು, ಫಿಲ್ಟರ್ ಚಾಲೂ ಮಾಡಿ

ನೀರಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕೆ ಬರುವಂತೆ ತುಂಬಿಸಿ. ಪಂಪಿನ ಮುಂದಿರುವ ಬುಟ್ಟಿಯ ಕಸ ತೆಗೆದು, ಅದಕ್ಕೆ ನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಆಮೇಲೆ ಸ್ವಿಚ್ ಹಾಕಿ. ಒಣ ಪಂಪ್ ಓಡಿಸಿದರೆ ಸೀಲ್ ಸುಡುತ್ತದೆ.

ಮರಳಿನ ಫಿಲ್ಟರ್ ಇದ್ದರೆ ಮೊದಲು ಬ್ಯಾಕ್‌ವಾಶ್ ಮಾಡಿ. ವಾಲ್ವಿನ ಹಿಡಿಕೆ ತಿರುಗಿಸುವ ಮುನ್ನ ಪ್ರತಿಸಲವೂ ಮೋಟಾರು ಬಂದ್ ಮಾಡಲೇಬೇಕು. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಎರಡು ಮೂರು ನಿಮಿಷ ಬ್ಯಾಕ್‌ವಾಶ್, ಅರ್ಧ ನಿಮಿಷ ರಿನ್ಸ್, ಆಮೇಲೆ ಫಿಲ್ಟರ್. ಆಗ ಪ್ರೆಶರ್ ಗೇಜಿನ ಮುಳ್ಳು ಎಲ್ಲಿ ನಿಂತಿತೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಮುಳ್ಳು ಆ ಗೆರೆಗಿಂತ ಸುಮಾರು ಅರ್ಧ ಕೆ.ಜಿ. ಮೇಲೇರಿದಾಗಲೆಲ್ಲ ಮತ್ತೆ ಬ್ಯಾಕ್‌ವಾಶ್ ಮಾಡಿ. ಹಸಿರು ನೀರು ಸೋಸುವಾಗ ಮೊದಲೆರಡು ದಿನ ಇದನ್ನು ದಿನಕ್ಕೆ ಎರಡು ಸಲ ಮಾಡಬೇಕಾದೀತು.

ಹಂತ 4: ಪಿಎಚ್ ಸರಿ ಮಾಡಿ

ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆದು ಪರೀಕ್ಷಿಸಿ. ಈಜುಕೊಳದ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಪಾಚಿ ಕೊಲ್ಲುವಾಗ 7.2ರ ಹತ್ತಿರ ಇದ್ದರೆ ಒಳ್ಳೆಯದು. ಏಕೆಂದರೆ ಪಿಎಚ್ 7.2 ಇದ್ದಾಗ ಕ್ಲೋರಿನ್ನಿನ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಪಾಲು ಕೂಡ ಉಳಿಯುವುದಿಲ್ಲ. ಹಾಕಿದ್ದು ಅಷ್ಟೇ, ಕೆಲಸ ಮಾತ್ರ ಅರ್ಧಕ್ಕಿಂತ ಕಡಿಮೆ.

ಇಲ್ಲಿ ನೆಲದ ಗುಣವೂ ಲೆಕ್ಕಕ್ಕೆ ಬರುತ್ತದೆ. ಬಾಗಲಕೋಟೆ, ಲೋಕಾಪುರ ಸುತ್ತ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದರಿಂದಲೇ. ಅಲ್ಲಿಯ ಬೋರ್ ನೀರು ಗಡಸು, ಪಿಎಚ್ ಮೇಲೇರಿದ ಕೂಡಲೇ ಸುಣ್ಣ ಬಿಟ್ಟು ನೀರು ಹಾಲಿನಂತಾಗುತ್ತದೆ. ಬಾದಾಮಿಯದು ಮರಳುಗಲ್ಲು, ಅಲ್ಲಿ ಗಾಳಿಗೆ ಬರುವ ಕೆಂಪು ಧೂಳು ಫಿಲ್ಟರಿಗೆ ಹೆಚ್ಚು ಕೆಲಸ ಕೊಡುತ್ತದೆ. ಇಳಕಲ್ಲಿನದು ಕೆಂಪು ಗ್ರಾನೈಟ್. ಕೊರೆಯುವ, ಪಾಲಿಶ್ ಮಾಡುವ ಘಟಕ ಹತ್ತಿರವಿದ್ದರೆ ಕಲ್ಲಿನ ನುಣುಪು ಹಿಟ್ಟು ಹಾರಿ ಬರುತ್ತದೆ. ಅದನ್ನು ಯಾವ ಕ್ಲೋರಿನ್ನೂ ಕರಗಿಸದು, ಸೋಸಿಯೇ ತೆಗೆಯಬೇಕು.

ಪಿಎಚ್ ಹೆಚ್ಚಿದ್ದರೆ 60,000 ಲೀಟರಿಗೆ ಅರ್ಧ ಲೀಟರ್ ಆ್ಯಸಿಡ್ಡನ್ನು ಬಕೆಟ್ ತುಂಬ ನೀರಿಗೆ ಬೆರೆಸಿ, ಮೋಟಾರು ಓಡುತ್ತಿರುವಾಗ ಆಳದ ಕಡೆ ನಿಧಾನವಾಗಿ ಸುರಿಯಿರಿ. ಕಡಿಮೆ ಇದ್ದರೆ 300 ಗ್ರಾಂ ಸೋಡಾ ಆ್ಯಶ್. ನಾಲ್ಕು ತಾಸು ಬಿಟ್ಟು ಮತ್ತೆ ಅಳೆದು, ಬೇಕಿದ್ದರೆ ಇನ್ನೊಮ್ಮೆ ಹಾಕಿ. ನೀರಿಗೆ ಆ್ಯಸಿಡ್ ಹಾಕಬೇಕೇ ಹೊರತು ಆ್ಯಸಿಡ್ಡಿಗೆ ನೀರು ಹಾಕಬಾರದು.

ಹಂತ 5: ಹೊತ್ತು ಮುಳುಗಿದ ಮೇಲೆ ಕ್ಲೋರಿನ್

ನಮ್ಮ ಬಿಸಿಲಿಗೆ ಬರಿ ಕ್ಲೋರಿನ್ ಕೆಲವೇ ತಾಸಿನಲ್ಲಿ ಹಾರಿಹೋಗುತ್ತದೆ. ಆದ್ದರಿಂದ ಸಂಜೆ ಹಾಕಿ, ರಾತ್ರಿಯಿಡೀ ಕೆಲಸ ಮಾಡಲು ಬಿಡಿ. ತಿಳಿ ಹಸಿರಿಗೆ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ತಳ ಕಾಣದ ಕಡು ಹಸಿರಿಗೆ 20 ಪಿಪಿಎಂ ಬೇಕು. ನಮ್ಮ ಕೊಳಕ್ಕೆ 10 ಪಿಪಿಎಂ ಬರಲು ಈ ಮೂರರಲ್ಲಿ ಒಂದು ಸಾಕು:

- ಶೇ. 10ರ ಲಿಕ್ವಿಡ್ ಹೈಪೋ: 6 ಲೀಟರ್
- ಶೇ. 65ರ ಕ್ಯಾಲ್ಸಿಯಂ ಹೈಪೋ ಹರಳು: 925 ಗ್ರಾಂ
- ಶೇ. 30ರ ಬ್ಲೀಚಿಂಗ್ ಪೌಡರ್: 2 ಕೆ.ಜಿ.

ಸುಣ್ಣದ ನೀರಿರುವ ಕಡೆ ಲಿಕ್ವಿಡ್ ಮೇಲು. ಉಳಿದೆರಡೂ ನೀರಿಗೆ ಇನ್ನಷ್ಟು ಸುಣ್ಣ ಸೇರಿಸುತ್ತವೆ. ಬ್ಲೀಚಿಂಗ್ ಪೌಡರ್ ಬಳಸುವುದಾದರೆ ಬಕೆಟ್ ನೀರಿನಲ್ಲಿ ಕಲಸಿ ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ತಳದ ಗಸಿ ಕೊಳಕ್ಕೆ ಬೇಡ. ಹಳೆಯ ಪೌಡರ್ ಸೆಕೆಗೆ ಸತ್ವ ಕಳೆದುಕೊಂಡಿರುತ್ತದೆ, ಗಂಟುಗಟ್ಟಿದ ಚೀಲ ಕೊಳ್ಳಬೇಡಿ.

ಎರಡು ಎಚ್ಚರಿಕೆ. ಕ್ಲೋರಿನ್ ಮತ್ತು ಆ್ಯಸಿಡ್ ಒಂದೇ ಬಕೆಟ್ ಸೇರಬಾರದು, ವಿಷಾನಿಲ ಏಳುತ್ತದೆ. ಬ್ಲೀಚಿಂಗ್ ಪೌಡರ್ ಅಥವಾ ಹರಳಿನ ಜೊತೆ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಯೂ ಸೇರಬಾರದು, ಬೆಂಕಿ ಹತ್ತಬಹುದು. ಇಟ್ಟುಕೊಳ್ಳುವ ಜಾಗ, ಅಳೆಯುವ ಲೋಟ ಎಲ್ಲವೂ ಬೇರೆ ಬೇರೆ ಇರಲಿ.

ದಾಳಿಂಬೆ, ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇದ್ದೇ ಇರುತ್ತದೆ. ಅದು ಪಾಚಿ ಕೊಲ್ಲುತ್ತದೆ ಎಂಬುದು ನಿಜ, ಆದರೆ ಟೈಲ್ಸಿಗೆ ಕಲೆ, ಕೂದಲಿಗೆ ಹಸಿರು ಛಾಯೆ ಬರುತ್ತದೆ. ಆ ನೀರು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ. ಈಜುಕೊಳಕ್ಕೆ ಬೇಡ.

ಹಂತ 6: ಉಜ್ಜಿ, ಸೋಸಿ, ಅಳೆಯಿರಿ

ಮರುದಿನ ಬೆಳಿಗ್ಗೆ ಹಸಿರು ಹೋಗಿ ನೀರು ಬೂದು ಬಣ್ಣಕ್ಕೆ ತಿರುಗಿದ್ದರೆ ಪಾಚಿ ಸಾಯುತ್ತಿದೆ ಎಂದರ್ಥ. ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ, ಮೂಲೆಗಳನ್ನು ದಿನಕ್ಕೆರಡು ಸಲ ಉಜ್ಜಿ. ಲೋಳೆಯ ಕೆಳಗೆ ಅಡಗಿದ ಪಾಚಿಗೆ ಕ್ಲೋರಿನ್ ತಾಗುವುದೇ ಉಜ್ಜಿದಾಗ.

ಮೋಟಾರನ್ನು ಕರೆಂಟ್ ಇರುವಷ್ಟು ಹೊತ್ತೂ ಓಡಿಸಿ. ಗಂಟೆಗೆ 10,000 ಲೀಟರ್ ಎತ್ತುವ ಪಂಪ್ ಆರು ಗಂಟೆಗೆ ಒಂದು ಸುತ್ತು ಮುಗಿಸುತ್ತದೆ. ಆದರೆ ಸೋಸಿದ ನೀರು ಸೋಸದ ನೀರಿನೊಂದಿಗೆ ಬೆರೆಯುವುದರಿಂದ ಒಂದು ಸುತ್ತಿಗೆ ಶೇ. 63ರಷ್ಟು ನೀರು ಮಾತ್ರ ಫಿಲ್ಟರ್ ಕಂಡಿರುತ್ತದೆ. ಮೂರು ಸುತ್ತಿಗೆ ಶೇ. 95. ಬಾದಾಮಿ ಬಳಿಯ ಮಹಾಕೂಟದ ವಿಷ್ಣು ಪುಷ್ಕರಣಿಯಲ್ಲಿ ಈಜಿದವರಿಗೆ ಇದರ ಮರ್ಮ ಗೊತ್ತು. ಅಲ್ಲಿ ಬುಗ್ಗೆಯ ನೀರು ಒಳಗೆ ಬರುತ್ತಲೇ ಇರುತ್ತದೆ, ಹೆಚ್ಚಾದದ್ದು ಹೊರಗೆ ಹರಿಯುತ್ತಲೇ ಇರುತ್ತದೆ. ನಮ್ಮ ಕೊಳದಲ್ಲಿ ಆ ಕೆಲಸ ಪಂಪಿನದು.

ಕ್ಲೋರಿನ್ ಅಳೆಯುವಾಗ ಒಂದು ಮೋಸವಿದೆ. ಕ್ಲೋರಿನ್ನಿಗೆ ಗುಲಾಬಿ ಬಣ್ಣ ತೋರುವ ಡಿಪಿಡಿ ಕಿಟ್ಟಿನಲ್ಲಿ ಆ ಬಣ್ಣ ಕ್ಷಣಕಾಲ ಮೂಡಿ ಮಾಯವಾದರೆ ಕ್ಲೋರಿನ್ ಇಲ್ಲ ಎಂದಲ್ಲ, ವಿಪರೀತ ಇದೆ ಎಂದು. ಆಗ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸಿ. ಹೊತ್ತು ಮುಳುಗಿದ ಮೇಲೆ ಒಮ್ಮೆ, ಹೊತ್ತು ಮೂಡುವ ಮುಂಚೆ ಒಮ್ಮೆ ಅಳೆಯಿರಿ. ರಾತ್ರಿಯಲ್ಲಿ ಬಿಸಿಲಿಲ್ಲ, ಆದರೂ ಒಂದು ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಪಾಚಿ ಇನ್ನೂ ಜೀವಂತವಿದೆ. ಸಂಜೆ ಮತ್ತೆ ಕ್ಲೋರಿನ್ ಹಾಕಿ.

ಹಂತ 7: ತುರಟಿ ಹಾಕಿ ಕೆಸರು ಕೂರಿಸಿ

ಪಾಚಿ ಸತ್ತರೂ ಮಬ್ಬು ಹೋಗದಿದ್ದರೆ ಮಾತ್ರ ತುರಟಿ. ಸಾವಿರ ಲೀಟರಿಗೆ 30ರಿಂದ 50 ಗ್ರಾಂ, ನಮ್ಮ ಕೊಳಕ್ಕೆ ಎರಡರಿಂದ ಮೂರು ಕೆ.ಜಿ. ಪುಡಿ ಮಾಡಿ, ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಮೇಲೆಲ್ಲ ಚಿಮುಕಿಸಿ. ಫಿಲ್ಟರ್ ಬಿಟ್ಟು ನೀರಷ್ಟೇ ತಿರುಗುವಂತೆ ವಾಲ್ವನ್ನು ರಿಸರ್ಕ್ಯುಲೇಟ್‌ಗೆ ತಂದು ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಮೋಟಾರು ಬಂದ್ ಮಾಡಿ ರಾತ್ರಿಯಿಡೀ ನೀರು ಅಲುಗದಂತೆ ಬಿಡಿ.

ಬೆಳಿಗ್ಗೆ ತಳದಲ್ಲಿ ಬೂದು ಕೆಸರು ಹಾಸಿರುತ್ತದೆ. ವಾಲ್ವನ್ನು ವೇಸ್ಟ್‌ಗೆ ತಿರುಗಿಸಿ, ವ್ಯಾಕ್ಯೂಮನ್ನು ಕೆಸರು ಏಳದಷ್ಟು ನಿಧಾನವಾಗಿ ಎಳೆಯುತ್ತ ಅದನ್ನು ನೇರ ಹೊರಗೆ ಹಾಕಿ. ಅದು ಫಿಲ್ಟರಿಗೆ ಹೋದರೆ ಮರಳು ಕಟ್ಟಿಕೊಳ್ಳುತ್ತದೆ. ಇದರಲ್ಲಿ ಸ್ವಲ್ಪ ನೀರು ಹೋಗುತ್ತದೆ, ಅಷ್ಟನ್ನು ಮಾತ್ರ ತುಂಬಿಸಿ. ತುರಟಿಯಿಂದ ಪಿಎಚ್ ಇಳಿಯುತ್ತದೆ, ಮತ್ತೆ ಅಳೆಯಿರಿ. ಹೊರಹಾಕಿದ ನೀರಿನ ಕ್ಲೋರಿನ್ ಬಿಸಿಲಿಗೆ ಹಾರಿಹೋಗುವವರೆಗೆ ಅದನ್ನು ಹಳ್ಳ, ಕೆರೆ, ಬೆಳೆಗೆ ಬಿಡಬೇಡಿ.

ಹಂತ 8: ಇಳಿಯುವ ಮುನ್ನ ಕೊನೆಯ ಪರೀಕ್ಷೆ

- ಅತಿ ಆಳದ ತಳದಲ್ಲಿರುವ ಡ್ರೇನ್ ಜಾಲರಿಯ ತೂತುಗಳು ದಂಡೆಯಿಂದ ಸ್ಪಷ್ಟವಾಗಿ ಕಾಣಬೇಕು
- ಕ್ಲೋರಿನ್ 1ರಿಂದ 3 ಪಿಪಿಎಂಗೆ ಇಳಿದಿರಬೇಕು
- ಪಿಎಚ್ 7.2ರಿಂದ 7.8ರೊಳಗೆ ಇರಬೇಕು

ಬಣ್ಣ ನೋಡಿ ರೋಗ ತಿಳಿಯಿರಿ

ಹಸಿರು ಎಂದರೆ ಪಾಚಿ, ಕ್ಲೋರಿನ್ ಸಾಲದು. ಕ್ಲೋರಿನ್ ಹಾಕಿದ ಕೂಡಲೇ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಬೋರ್ ನೀರಿನಲ್ಲಿ ಕಬ್ಬಿಣದ ಅಂಶವಿದೆ. ಸೋಸುತ್ತ, ಬ್ಯಾಕ್‌ವಾಶ್ ಮಾಡುತ್ತ ಹೋದರೆ ಇಳಿಯುತ್ತದೆ. ಸೋಡಾ ಆ್ಯಶ್ ಹಾಕಿದ ಮೇಲೆ ಬಿಳಿಯಾದರೆ ಅದು ಸುಣ್ಣ. ಆ್ಯಸಿಡ್ಡಿನಿಂದ ಪಿಎಚ್ ಇಳಿಸಿ.

ತಿಳಿಯಾದ ಮೇಲೆ ದಿನಕ್ಕೆ ಎರಡು ಸುತ್ತು ಫಿಲ್ಟರ್, ಪ್ರತಿ ಸಂಜೆ ಕ್ಲೋರಿನ್, ವಾರಕ್ಕೊಮ್ಮೆ ಉಜ್ಜುವುದು. ನೀರಿನಲ್ಲಿ ಸಯನ್ಯೂರಿಕ್ ಆ್ಯಸಿಡ್ ಎಂಬ ಸ್ಟೆಬಿಲೈಸರ್ 30ರಿಂದ 50 ಪಿಪಿಎಂ ಇದ್ದರೆ ಕ್ಲೋರಿನ್ ಬಿಸಿಲಿಗೆ ಬೇಗ ಹಾರದು. ಅದಕ್ಕಿಂತ ಹೆಚ್ಚಾದರೆ ಕ್ಲೋರಿನ್ನಿನ ಕೈ ಕಟ್ಟಿದಂತೆ.

ತಿಳಿನೀರೆಲ್ಲ ಶುದ್ಧ ನೀರಲ್ಲ ಎಂಬುದೂ ನೆನಪಿರಲಿ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಹತ್ತುವ ಅಮೀಬಾ ಸೋಂಕು ಜೀವ ತೆಗೆದಾಗ ಅಲ್ಲಿ ಬಾವಿ, ಕೊಳಗಳಿಗೆ ಕ್ಲೋರಿನ್ ಹಾಕುವುದೇ ಮೊದಲ ಕೆಲಸವಾಯಿತು. ಆದ್ದರಿಂದ ಕಣ್ಣನ್ನಷ್ಟೇ ನಂಬದೆ ಕಿಟ್ಟನ್ನೂ ನೋಡಿ. ಬೇಸಿಗೆ ರಜೆಗೆ ಬಂದ ಮಕ್ಕಳು ಎಷ್ಟೇ ಗೋಗರೆದರೂ ಡ್ರೇನ್ ಜಾಲರಿ ಕಾಣುವವರೆಗೆ ನೀರಿಗೆ ಬಿಡಬೇಡಿ. ಮಬ್ಬು ನೀರಿನಲ್ಲಿ ಮುಳುಗಿದ ಮಗು ದಂಡೆಯ ಮೇಲಿದ್ದವರಿಗೆ ಕಾಣುವುದಿಲ್ಲ.