ಮಕ್ಕಳಿಗೆ ಸಭೆಯಲ್ಲಿ ಮಾತು ಕಲಿಸುವ ಬಗೆ: ಆರು ಚಿತ್ರಗಳ ಪಾಠ



ಬಸವ ಜಯಂತಿಯ ದಿನ ನಮ್ಮ ಊರುಗಳ ವೇದಿಕೆಯ ಮೇಲೆ ಮಕ್ಕಳ ಭಾಷಣ ತಪ್ಪದೆ ಇರುತ್ತದೆ. ಹೊಸ ಬಟ್ಟೆ, ಹಣೆಯಲ್ಲಿ ವಿಭೂತಿ, ಕೈಯಲ್ಲೊಂದು ಚೀಟಿ. "ವೇದಿಕೆಯನ್ನು ಅಲಂಕರಿಸಿರುವ ಪೂಜ್ಯರೇ" ಎಂದು ಆರಂಭಿಸಿ ಮಗು ನಾಲ್ಕು ಸಾಲು ಗಿಳಿಪಾಠ ಒಪ್ಪಿಸುತ್ತದೆ. ಐದನೆಯ ಸಾಲಿಗೆ ಬಂದಾಗ ತಾಯಿಯ ಮುಖ ನೋಡುತ್ತದೆ. ನಾವು ಚಪ್ಪಾಳೆ ತಟ್ಟಿ ಕೆಳಗಿಳಿಸುತ್ತೇವೆ. ಆ ಭಾಷಣವನ್ನು ಬರೆದವರು ದೊಡ್ಡವರು, ಅದರಲ್ಲಿನ ಶಬ್ದಗಳು ಪುಸ್ತಕದವು. ಮಗುವಿನದೆಂಬುದು ಅದರಲ್ಲಿ ಒಂದು ಮಾತೂ ಇರುವುದಿಲ್ಲ. ತನ್ನದಲ್ಲದ ಮಾತು ಮರೆತುಹೋದರೆ ಆಶ್ಚರ್ಯವೇನು?

ಇದು ಬರೀ ಒಂದು ದಿನದ ಸಮಾರಂಭದ ವಿಷಯವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ, ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಎರಡು ನುಡಿಗಳ ಬಾಳು ನಮಗೆ ಮೊದಲೂ ಇತ್ತು. ಅಂದಿನಿಂದ ಕಚೇರಿ, ಶಾಲೆಗಳ ವ್ಯವಹಾರ ಹೆಚ್ಚಾಗಿ ತೆಲುಗಿನಲ್ಲಿಯೇ ನಡೆದು ಬಂದಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಪಠ್ಯದಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಗು ಮೂರು ಕಡೆಯೂ ತುಸು ತಿಳಿದು, ಮೂರು ಕಡೆಯೂ ಬಾಯಿ ಬಿಡಲು ಹೆದರುವುದನ್ನು ನಾವು ಕಾಣುತ್ತಿದ್ದೇವೆ. ನಾಳೆ ಅದೇ ಮಗು ಬ್ಯಾಂಕಿನಲ್ಲಿ ಸಾಲದ ವಿಚಾರ ಕೇಳಬೇಕು, ಮಾರ್ಕೆಟ್ ಯಾರ್ಡಿನಲ್ಲಿ ತೂಕದ ಲೆಕ್ಕ ಕೇಳಬೇಕು, ಗ್ರಾಮಸಭೆಯಲ್ಲಿ ನೀರಿಗಾಗಿ ಎದ್ದು ನಿಲ್ಲಬೇಕು. ಮಾತು ಬಾರದವನ ಬೆಳೆಗೆ ಬೇರೆಯವರೇ ದರ ಕಟ್ಟುತ್ತಾರೆ.

ಮಾತಿನ ಪರಂಪರೆ ನಮ್ಮದು

ವಚನವೆಂದರೆ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಮಾತನಾಡಿದವರು ಪಂಡಿತರು ಮಾತ್ರವೇ ಅಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಅಕ್ಕಿ ಆಯ್ದು ತರುವ ಮಾರಯ್ಯನವರ ಪತ್ನಿ ಲಕ್ಕಮ್ಮ ಇವರೆಲ್ಲ ತಮ್ಮ ಕಾಯಕದ ಶಬ್ದಗಳಿಂದಲೇ ದೊಡ್ಡ ವಿಚಾರ ಹೇಳಿದರು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮರು ಕೇಳಿದ ಪ್ರಶ್ನೆಗಳಿಗೆ ಆಕೆ ಎದುರು ನಿಂತು ಉತ್ತರ ಕೊಟ್ಟ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ತಾನು ಕಂಡದ್ದನ್ನು ತನ್ನ ಶಬ್ದದಲ್ಲಿ ಹೇಳುವುದು ಮತ್ತು ಕೇಳಿದ ಪ್ರಶ್ನೆಗೆ ಉತ್ತರಿಸುವುದು, ಇವೆರಡೇ ಭಾಷಣ ಕಲೆಯ ಮೂಲ. ಮಕ್ಕಳಿಗೆ ಕಲಿಸಬೇಕಾದದ್ದೂ ಇವೆರಡನ್ನೇ.

ಚಿತ್ರ ಏಕೆ ಬೇಕು?

ಚಿತ್ರ ತೋರಿಸುತ್ತ ಕಥೆ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಬಳ್ಳಾರಿ, ಅನಂತಪುರ ಭಾಗದ ತೊಗಲುಗೊಂಬೆಯವರು ಪರದೆಯ ಹಿಂದೆ ದೀಪವಿಟ್ಟು ರಾತ್ರಿಯಿಡೀ ರಾಮಾಯಣ ಆಡಿಸುತ್ತಿದ್ದರು. 2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯವರ ಜೀವನವನ್ನೂ ಅದೇ ಪರದೆಗೆ ತಂದರು. ಯೂರೋಪಿನಲ್ಲಿ ಗಾಜಿನ ಮೇಲಿನ ಚಿತ್ರವನ್ನು ದೀಪದಿಂದ ಗೋಡೆಗೆ ಬೀಳಿಸುವ ಯಂತ್ರ 17ನೆಯ ಶತಮಾನದಲ್ಲಿ ಬಂತು. ಮುಂದೆ ಫಿಲಂ ಸ್ಲೈಡುಗಳ ಪ್ರೊಜೆಕ್ಟರು ಬಂತು. ಕೊಡಕ್ ಕಂಪನಿ ಅದರ ತಯಾರಿಕೆಯನ್ನು 2004ರಲ್ಲಿ ನಿಲ್ಲಿಸಿತು. 1987ರಲ್ಲಿ ಹೊರಬಂದ ಪವರ್‌ಪಾಯಿಂಟ್ ಆ ಕೆಲಸವನ್ನು ಕಂಪ್ಯೂಟರಿಗೆ ತಂದಿತು. ಈಗ ಆಂಧ್ರದ ಅನೇಕ ಸರಕಾರಿ ಶಾಲೆಗಳಲ್ಲಿ ಸ್ಮಾರ್ಟ್ ಟಿ.ವಿ. ಇದೆ, ಮನೆಮನೆಯಲ್ಲಿ ಕ್ಯಾಮರಾ ಇರುವ ಫೋನಿದೆ.

ಮಗುವಿಗೆ ಚಿತ್ರದಿಂದ ಮೂರು ಉಪಕಾರಗಳಿವೆ. ಸಭಿಕರ ಕಣ್ಣು ಚಿತ್ರದ ಮೇಲೆ ಹೋಗುವುದರಿಂದ ಸಭಾಕಂಪ ಕಡಿಮೆಯಾಗುತ್ತದೆ. ಮುಂದಿನ ಮಾತು ಯಾವುದೆಂಬುದನ್ನು ಚಿತ್ರವೇ ನೆನಪು ಮಾಡಿಕೊಡುತ್ತದೆ, ಬಾಯಿಪಾಠ ಬೇಕಿಲ್ಲ. ವಿಷಯವನ್ನು ಒಂದಾದ ಮೇಲೊಂದು ಜೋಡಿಸುವ ಶಿಸ್ತೂ ಬರುತ್ತದೆ.

ನಾಲ್ಕು ಭಾನುವಾರಗಳ ಕ್ರಮ

ಎಂಟರಿಂದ ಹನ್ನೊಂದು ವಯಸ್ಸಿನ ಮಕ್ಕಳಿಗೆ ಆರು ಚಿತ್ರ, ಮೂರು ನಿಮಿಷ ಸಾಕು. ಒಂದು ಚಿತ್ರಕ್ಕೆ ಅರ್ಧ ನಿಮಿಷ.

ಮೊದಲ ಭಾನುವಾರ ಚಿತ್ರವೇ ಬೇಡ. ಮಗುವಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಆರಿಸಿ, ಅಜ್ಜನಿಗೋ ಅಕ್ಕನಿಗೋ ಹೇಳುವಂತೆ ಕುಳಿತೇ ಹೇಳಲಿ. ನಡುವೆ ಯಾರೂ ತಿದ್ದಬಾರದು. ಎರಡನೆಯ ಭಾನುವಾರ ಆ ಮಾತುಗಳನ್ನು ಆರು ಭಾಗ ಮಾಡಿ, ಭಾಗಕ್ಕೊಂದು ಚಿತ್ರ ಬರೆಯಲಿ ಅಥವಾ ಫೋನಿನಲ್ಲಿ ತೆಗೆಯಲಿ. ಮನುಷ್ಯರ ಚಿತ್ರ ತೆಗೆಯುವ ಮುನ್ನ ಅವರನ್ನು ಕೇಳುವುದನ್ನೂ ಕಲಿಸಬೇಕು. ಮೂರನೆಯ ಭಾನುವಾರ ನಿಂತು ಮಾತನಾಡುವ ಅಭ್ಯಾಸ. ಪರದೆಯ ಪಕ್ಕದಲ್ಲಿ ನಿಂತು, ಒಮ್ಮೆ ಚಿತ್ರ ತೋರಿಸಿ, ಮುಖವನ್ನು ಸಭಿಕರ ಕಡೆ ತಿರುಗಿಸಬೇಕು. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೆ ಕೇಳಿಸಿತೇ ಎಂಬುದೇ ಧ್ವನಿಯ ಅಳತೆ. ನಾಲ್ಕನೆಯ ಭಾನುವಾರ ಹತ್ತು ಹದಿನೈದು ಜನರ ಮುಂದೆ ಮಾತು, ಬಳಿಕ ಎರಡು ಪ್ರಶ್ನೆ. ಗೊತ್ತಿದ್ದರೆ ಉತ್ತರ, ಇಲ್ಲವಾದರೆ "ತಿಳಿದುಕೊಂಡು ಹೇಳುತ್ತೇನೆ" ಎನ್ನುವುದನ್ನೂ ನಾಚಿಕೆಯಿಲ್ಲದೆ ಹೇಳಲು ಕಲಿಯಬೇಕು.

ಒಂದು ನಿಯಮ ಬಿಡಬಾರದು. ಚಿತ್ರದ ಮೇಲೆ ಮೂರು ನಾಲ್ಕು ಶಬ್ದಕ್ಕಿಂತ ಹೆಚ್ಚು ಬರೆಯಬಾರದು. ಭಾಷಣವೆಲ್ಲ ಪರದೆಯ ಮೇಲಿದ್ದರೆ ಮಗು ಬೆನ್ನು ತಿರುಗಿಸಿ ಓದುತ್ತದೆ, ಸಭಿಕರೂ ಓದುತ್ತಾರೆ. ಮಾತನಾಡುವವರು ಯಾರೂ ಇರುವುದಿಲ್ಲ.

ಒಂದು ಮಾದರಿ: ಹತ್ತಿ

ನಮ್ಮ ಮಕ್ಕಳಿಗೆ ಹತ್ತಿಗಿಂತ ಹತ್ತಿರದ ವಿಷಯ ಬೇರೊಂದಿಲ್ಲ. ಮೊದಲ ಚಿತ್ರದಲ್ಲಿ ಮುಂಗಾರು ಬಿದ್ದ ಎರೆ ಹೊಲ ಮತ್ತು ಬಿತ್ತನೆ. ಎರಡನೆಯದರಲ್ಲಿ ಹೂವು: ಅರಳಿದ ದಿನ ಬಿಳುಪಾಗಿದ್ದದ್ದು ಮರುದಿನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮಗು ತಾನೇ ಎರಡು ದಿನ ಹೊಲಕ್ಕೆ ಹೋಗಿ ನೋಡಿಕೊಂಡು ಬರಲಿ. ಮೂರನೆಯದು ಕಾಯಿ ಒಡೆದ ಮೇಲೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳು. ನಾಲ್ಕನೆಯದು ಆದವಾನಿಯ ಮಾರ್ಕೆಟ್ ಯಾರ್ಡು, ತೂಕ ಮತ್ತು ದರ. ಐದನೆಯದು ಜಿನ್ನಿಂಗ್ ಮಿಲ್ಲು. ನೂರು ಕಿಲೋ ಹತ್ತಿಯಲ್ಲಿ ಸುಮಾರು 34 ಕಿಲೋ ಅರಳೆ ಬರುತ್ತದೆ. ನಮ್ಮ ದೇಶದಲ್ಲಿ ಒಂದು ಬೇಲು ಎಂದರೆ 170 ಕಿಲೋ. ಹಾಗಾದರೆ ಒಂದು ಬೇಲಿಗೆ ಎಷ್ಟು ಕ್ವಿಂಟಾಲ್ ಹತ್ತಿ ಬೇಕು? ಮಗು ಲೆಕ್ಕ ಮಾಡಿ ಐದು ಎಂದು ಹೇಳಲಿ. ಆರನೆಯದು ಉಳಿದ ಹತ್ತಿಕಾಳು: ಅದರಿಂದ ಎಣ್ಣೆ, ಎಣ್ಣೆ ತೆಗೆದ ಮೇಲೆ ಎಮ್ಮೆಗೆ ಹಿಂಡಿ.

ಈ ಮೂರು ನಿಮಿಷದಲ್ಲಿ ವಿಜ್ಞಾನ, ಗಣಿತ, ವ್ಯಾಪಾರ ಎಲ್ಲವೂ ಬಂತು. ಅಪ್ಪನ ದುಡಿಮೆಯ ಬೆಲೆಯೂ ಮಗುವಿಗೆ ತಿಳಿಯಿತು. ವ್ಯಾಪಾರಸ್ಥರ ಮಕ್ಕಳು ಅಂಗಡಿಯ ತಕ್ಕಡಿ, ಲೆಕ್ಕದ ಪುಸ್ತಕಗಳ ಬಗ್ಗೆ ಹೇಳಬಹುದು. ಶರಣರ ಕಾಯಕಗಳನ್ನೇ ವಿಷಯವಾಗಿಸಿ, ಇಂದಿಗೂ ಊರಿನಲ್ಲಿ ಬುಟ್ಟಿ ಹೆಣೆಯುವವರನ್ನು ತೋರಿಸುತ್ತ ಕೇತಯ್ಯನವರ ವಿಚಾರ ಹೇಳಬಹುದು.

ಚಿತ್ರ ಒಂದೇ, ನುಡಿ ಎರಡು

ಗಡಿನಾಡಿನ ನಮಗೆ ಈ ಪದ್ಧತಿಯ ದೊಡ್ಡ ಲಾಭ ಇಲ್ಲಿದೆ. ಆರು ಚಿತ್ರಗಳಿಗೆ ಭಾಷೆಯಿಲ್ಲ. ಮಠದಲ್ಲಿ ಕನ್ನಡದಲ್ಲಿ ಹೇಳಿದ್ದನ್ನೇ ಮಗು ಶಾಲೆಯಲ್ಲಿ ತೆಲುಗಿನಲ್ಲಿ, ಬೆಳೆದಂತೆ ಇಂಗ್ಲಿಷಿನಲ್ಲಿ ಹೇಳಬಹುದು. ಮೊದಲು ಮನೆಯ ಮಾತಿನಲ್ಲಿ ಗಟ್ಟಿಯಾದ ವಿಷಯ ಬೇರೆ ನುಡಿಗೆ ಸುಲಭವಾಗಿ ಹೋಗುತ್ತದೆ. ನಡುವೆ ತೆಲುಗು ಶಬ್ದ ಬಂದರೆ ನಗಬಾರದು. ನಮ್ಮ ಸೀಮೆಯ ಕನ್ನಡವೇ ಹಾಗೆ. ಮಾತು ಮುಗಿದ ಮೇಲೆ, ಇದಕ್ಕೆ ಕನ್ನಡದಲ್ಲಿ ಹೀಗೂ ಅನ್ನುತ್ತಾರೆ ಎಂದು ಹೇಳಿದರೆ ಸಾಕು.

ತೆಲುಗು ಮಾಧ್ಯಮದ ಮಕ್ಕಳು ಚಿತ್ರದ ಮೇಲಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಲಿ. ಎರಡೂ ಲಿಪಿಗಳು ಒಂದೇ ಬೇರಿನಿಂದ ಬಂದವು. ಬಹಳಷ್ಟು ಅಕ್ಷರಗಳಲ್ಲಿ ತಲೆಕಟ್ಟಿನ ವ್ಯತ್ಯಾಸವೇ ಮುಖ್ಯವಾದದ್ದು. ತಿಂಗಳಿಗೆ ಆರು ಹೆಸರು ಬರೆದ ಮಗು ವರ್ಷದೊಳಗೆ ಪಂಚಾಂಗ, ಪತ್ರಿಕೆ ಕೂಡಿಸಿಕೊಂಡು ಓದಲು ತೊಡಗುತ್ತದೆ.

ಖರ್ಚಿನ ಮಾತು

ಪ್ರೊಜೆಕ್ಟರು ಕೊಳ್ಳಬೇಕಾಗಿಲ್ಲ. ಚಿತ್ರಗಳಿಗೆ 1ರಿಂದ 6ರವರೆಗೆ ಸಂಖ್ಯೆಯ ಹೆಸರು ಕೊಟ್ಟು ಪೆನ್‌ಡ್ರೈವಿನಲ್ಲಿ ಹಾಕಿದರೆ ಪೆನ್‌ಡ್ರೈವ್ ಹಾಕುವ ಜಾಗವಿರುವ ಟಿ.ವಿ.ಯಲ್ಲೇ ಕಾಣುತ್ತವೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಯೂನಿಕೋಡ್ ಅಕ್ಷರ ಬಳಸಬೇಕು. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಬರುವುದುಂಟು. ಕರೆಂಟು ನಂಬುವಂತಿಲ್ಲ. ಆದ್ದರಿಂದ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಅದೇ ಆರು ಚಿತ್ರ ಬರೆದು ಜೊತೆಗಿಟ್ಟುಕೊಳ್ಳಬೇಕು. ಟಿ.ವಿ. ಆರಿದರೂ ಮಾತು ನಿಲ್ಲದ ಮಗುವೇ ನಿಜವಾಗಿ ಕಲಿತ ಮಗು.

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳಿಗೆ ಭಾಷಣ ಬರೆದುಕೊಡುವುದನ್ನು ಬಿಡೋಣ. ಅವರ ಮಾತು ಕೇಳಲು ಮೂರು ನಿಮಿಷ ಬಿಡುವು ಮಾಡಿಕೊಳ್ಳೋಣ. ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸುವುದು ಬೇಡ; ಅಕ್ಕನ ಪರಂಪರೆಯವರಿಗೆ ಅದು ಶೋಭಿಸದು. ಪ್ರತಿ ಗ್ರಾಮದ ಭಕ್ತರು ಇಬ್ಬರು ಮೂವರು ಮಕ್ಕಳನ್ನು ಅಣಿಗೊಳಿಸಿದರೆ, ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಪ್ರವಚನಕ್ಕೆ ಮೊದಲು ಒಂದು ಮಗುವಿಗೆ ಮೂರು ನಿಮಿಷ ಮೀಸಲಿಡಲಾಗುವುದು. ಹೆಸರುಗಳನ್ನು ಮಠದ ಕಾರ್ಯಾಲಯಕ್ಕೆ ತಿಳಿಸಬೇಕಾಗಿ ವಿನಂತಿ.