ಕೆರೆ ಮತ್ತು ಕೃಷಿ ಹೊಂಡಗಳಲ್ಲಿ ಮೀನುಗಳ ಸಾವು: ಕಾರಣ ಗುರುತಿಸುವಿಕೆ ಹಾಗೂ ಉಪಚಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಕೆರೆ, ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನುಗಳು ಸತ್ತು ತೇಲಿದಾಗ, ಔಷಧ ಸುರಿಯುವ ಮುನ್ನ ಸಾವಿನ ರೀತಿಯನ್ನು ಗಮನಿಸತಕ್ಕದ್ದು.

ಮೋಡ ಕವಿದ ದಿನದ ಮರುನಸುಕಿನಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಹೆಣಗುತ್ತಿದ್ದು, ದೊಡ್ಡವು ಮೊದಲು ಸತ್ತರೆ ಅದು ಆಮ್ಲಜನಕದ ಕೊರತೆಯೇ ಹೊರತು ರೋಗವಲ್ಲ. ಗೊಬ್ಬರ, ಆಹಾರ ನಿಲ್ಲಿಸಿ ಹೊಸ ನೀರನ್ನು ಎತ್ತರದಿಂದ ಬೀಳಿಸುವುದೇ ಇದಕ್ಕೆ ಉಪಚಾರ. ಸಣ್ಣ-ದೊಡ್ಡ ಮೀನುಗಳೆನ್ನದೆ, ಕಪ್ಪೆ, ನೀರಹುಳುಗಳೂ ಒಮ್ಮೆಲೇ ಸತ್ತರೆ ಕಬ್ಬಿನ ಹೊಲದ ಕೀಟನಾಶಕ ಹರಿದು ಬಂದಿರುವ ಶಂಕೆ ಬಲವಾಗುತ್ತದೆ. ಅಂತಹ ನೀರನ್ನು ಜಾನುವಾರುಗಳಿಗೆ ಕುಡಿಸಕೂಡದು, ಮೀನನ್ನು ಮಾರಲೂಕೂಡದು.

ಚಳಿಗಾಲದಲ್ಲಿ ದಿನಕ್ಕೆ ಕೆಲವೇ ಮೀನುಗಳು ಮೈಮೇಲೆ ಕೆಂಪು ಹುಣ್ಣುಗಳೊಂದಿಗೆ ಸಾಯುತ್ತಿದ್ದರೆ ಹುಣ್ಣುರೋಗವೆಂದು ಶಂಕಿಸಬೇಕು. ಸತ್ತವನ್ನು ಸುಣ್ಣ ಬೆರೆಸಿ ಹೂಳಬೇಕು. ಆ ಹೊಂಡದ ಬಲೆಯನ್ನು ಬೇರೆಡೆ ಇಳಿಸಕೂಡದು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಔಷಧದ ಪ್ರಮಾಣ, 1 ಮೀಟರ್ ಆಳದ 1 ಹೆಕ್ಟೇರ್ ನೀರಿಗೆ 1 ಲೀಟರ್. ಮನೆಯ ಗಾಜಿನ ತೊಟ್ಟಿಯ ಅಲಂಕಾರಿಕ ಮೀನುಗಳಿಗೆ ಹಾಕುವ ಮೆಲಾಕೈಟ್ ಗ್ರೀನ್ ಅನ್ನು ತಿನ್ನುವ ಮೀನಿಗೆ ಬಳಸುವುದು ನಿಷಿದ್ಧ.

ಪರೀಕ್ಷೆಗಾಗಿ ಮೀನುಗಾರಿಕೆ ಇಲಾಖೆಯ ಕಚೇರಿಗೆ ಕೊಳೆತ ಮೀನನ್ನಲ್ಲ, ಸಾಯುವ ಸ್ಥಿತಿಯಲ್ಲಿರುವ ಮೀನನ್ನು ಅದೇ ಕೆರೆಯ ಒಂದು ಬಾಟಲಿ ನೀರಿನೊಂದಿಗೆ ಅಂದೇ ತಲುಪಿಸತಕ್ಕದ್ದು.